ಎರಡು ದಿನ, ಒಂದು ಈಚಲು ಮರ

ಅಕ್ಕನ ಮನೆಗೆ ಹೊರಟಾಗ ಬಟ್ಟೆಗಿಂತ ಮೊದಲು ಬ್ಯಾಗಿಗೆ ತುರುಕಿದ್ದು 8×42 ಬೈನಾಕ್ಯುಲರ್. "ನನ್ನ ನೋಡೋಕೆ ಬಂದೆಯೋ, ಹಕ್ಕಿ ನೋಡೋಕೋ?" ಅಂದಳು. ಇಬ್ಬರನ್ನೂ ಅಂದೆ. ಅರ್ಧ ಸುಳ್ಳು.

ಶನಿವಾರ ಮೋಡ. ಒಂದು ಕೆಂಬೂತ, ಜೋಡಿ ಮಡಿವಾಳ ಹಕ್ಕಿ, ಅಷ್ಟೇ.

ಭಾನುವಾರ ಮಾತ್ರ ಹಿತ್ತಿಲಾಚೆಯ ಬಾವಿಯ ಕಡೆ ಬಾಗಿದ ಈಚಲು ಮರದಲ್ಲಿ ಗೀಜಗಗಳ ಗಲಾಟೆಯೋ ಗಲಾಟೆ. ಹಳದಿ ತಲೆಯ ಗಂಡು ಈಚಲು ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿ, ಹಾಗೇ ಹಾರಿದರೆ ದಾರದಂಥ ಎಳೆ ಸರ್ರನೆ ಸೀಳಿಕೊಂಡು ಬರುತ್ತೆ. ಗೂಡು ಹೆಲ್ಮೆಟ್ಟಿನ ಆಕಾರಕ್ಕೆ ಬಂದಾಗ ಹೆಣ್ಣು ಬಂದು ಪರೀಕ್ಷೆ ಮಾಡುತ್ತೆ. ಒಪ್ಪಿದ ಮೇಲೇ ಮೊಟ್ಟೆಯ ಕೋಣೆ, ಕೆಳಗಿನ ಉದ್ದ ಕೊಳವೆ ಎಲ್ಲ ಪೂರ್ತಿಯಾಗೋದು. ನಾವು ನೋಡುತ್ತಿದ್ದಂತೆ ಒಂದು ಹೆಣ್ಣು ಮೂರು ಗೂಡು ಇಣುಕಿ, ಯಾವುದೂ ಬೇಡವೆಂದು ಹಾರಿಹೋಯ್ತು.

ಹಕ್ಕಿ ಅಂದರೆ ಆಕಳಿಸುವ ಭಾವ "ಛೆ, ಪಾಪ ಕಣಮ್ಮ, ಮತ್ತೆ ಮೊದಲಿಂದ ಕಟ್ಟಬೇಕಲ್ಲ" ಅಂದರು. ಮನೆ ಕಟ್ಟಿಸಿದವರ ಸಂಕಟ! ಆಮೇಲೆ ಸಂಜೆವರೆಗೂ ಬೈನಾಕ್ಯುಲರ್ ನನ್ನ ಕೈಗೆ ಬರಲೇ ಇಲ್ಲ.