ಸೋಬಾನೆ ಪುಸ್ತಿಕೆ: ಕಾಗದದ ಕೆಲಸ ಎಲ್ಲಿಗೆ ಬಂತು

ಸೋಬಾನೆ ಪದಗಳ ಟೈಪಿಂಗ್ ಮುಗಿದಿದೆ. ಹಾಡುವ ಅಜ್ಜಿಯರ ಮುಂದೆ ಓದಿ ತಿದ್ದಿಸಿಯೂ ಆಯ್ತು. ಒಟ್ಟು 40 ಪುಟ. ಎ4 ಹಾಳೆ ಮಡಚಿ ನಡುವೆ ಪಿನ್ ಹೊಡೆಯುವ ಪುಸ್ತಿಕೆ ಇದು. ಮಂಡ್ಯದ ನಮ್ಮ ಬಳಗದ ಕಚೇರಿಯ ಲೇಸರ್ ಪ್ರಿಂಟರ್‌ನಲ್ಲೇ ಅಚ್ಚು ಹಾಕುತ್ತೇವೆ.

ಕಚೇರಿಯಲ್ಲಿದ್ದದ್ದು 70 ಜಿಎಸ್‌ಎಂ ಹಾಳೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಪತ್ರ, ರಸೀದಿಗೆ ಅದು ಸಾಕು. ಆದರೆ ಎರಡೂ ಬದಿ ಅಚ್ಚು ಹಾಕಿದರೆ ಹಿಂದಿನ ಸಾಲು ಮುಂದೆ ಕಾಣುತ್ತದೆ. ವಯಸ್ಸಾದವರು ಓದಲಿ ಅಂತ ಅಕ್ಷರ ದೊಡ್ಡದಾಗಿ, ದಪ್ಪವಾಗಿ ಇಟ್ಟಿದ್ದೇವೆ, ಹಾಗಾಗಿ ಇನ್ನೂ ಜಾಸ್ತಿ ಕಾಣುತ್ತದೆ. 80ಕ್ಕೆ ಹೋಗುವುದು ಅಂತ ತೀರ್ಮಾನ ಮಾಡಿದೆವು. ಹಾಳೆ ಎಷ್ಟು ಜಿಎಸ್‌ಎಂ ಅಂತ ನೋಡಲು ತಕ್ಕಡಿ ಸಾಕು. 16 ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 80ರ ಹಾಳೆ ಒಂದಕ್ಕೆ 5 ಗ್ರಾಂ, 500 ಹಾಳೆಯ ಕಟ್ಟಿಗೆ, ಅಂದರೆ ರೀಮಿಗೆ, ಎರಡೂವರೆ ಕೆಜಿ. 70ರ ರೀಮು 2.2 ಕೆಜಿ ಹತ್ತಿರ ತೂಗುತ್ತದೆ.

ಕಾಗದದ ಒಳಗಿನ ನಾರಿನ ದಿಕ್ಕು ಇದಕ್ಕಿಂತ ಮುಖ್ಯ. ಮಿಲ್ಲಿನಲ್ಲಿ ಕಾಗದ ಓಡುವ ಕಡೆಗೇ ನಾರು ಹೆಚ್ಚಾಗಿ ಮಲಗುತ್ತದೆ. ನಾರಿನ ಉದ್ದಕ್ಕೆ ಮಡಚಿದರೆ ಮಡಿಕೆ ನೀಟಾಗಿ ಕೂರುತ್ತದೆ. ಅಡ್ಡ ಮಡಚಿದರೆ ಸೆಟೆದು ನಿಲ್ಲುತ್ತದೆ, ಪುಸ್ತಕ ಬಾಯಿ ತೆರೆದುಕೊಂಡೇ ಇರುತ್ತದೆ. ಅಂಗಡಿಯಲ್ಲಿ ಸಿಗುವ ಎ4ನಲ್ಲಿ ಸಾಮಾನ್ಯವಾಗಿ ನಾರು ಉದ್ದಕ್ಕಿರುತ್ತದೆ. ನಮ್ಮ ಮಡಿಕೆ ಅಡ್ಡ ಬೀಳುತ್ತದೆ. ಒಂದು ಹಾಳೆಯಿಂದ ಉದ್ದಕ್ಕೊಂದು, ಅಡ್ಡಕ್ಕೊಂದು ಒಂದೇ ಅಳತೆಯ ಪಟ್ಟಿ ಕತ್ತರಿಸಿ ತುದಿ ಹಿಡಿದು ನೋಡಿ. ಜಾಸ್ತಿ ಜೋಲುವ ಪಟ್ಟಿಯಲ್ಲಿ ನಾರು ಅಡ್ಡ ಇದೆ ಅಂತ ಅರ್ಥ.

ಪೇಟೆ ಬೀದಿಯ ಬೈಂಡಿಂಗ್ ಅಂಗಡಿಯ ಅಣ್ಣ ದಾರಿ ತೋರಿಸಿದರು. "ಉದ್ದ ನಾರಿನ ಎ3 ತಗೊಳ್ಳಿ ಸ್ವಾಮಿ, ನಡುವೆ ಕತ್ತರಿಸಿ ಕೊಡ್ತೀನಿ" ಅಂದರು. ಹಾಗೆ ಸಿಗುವ ಎ4ನಲ್ಲಿ ನಾರು ಮಡಿಕೆಯ ಜೊತೆಗೇ ಓಡುತ್ತದೆ. ಮಡಚಿದ ಮಾದರಿ ಎಷ್ಟು ಚೆನ್ನಾಗಿ ಮುಚ್ಚಿಕೊಂಡಿತು ಅಂದರೆ, ಎಲ್ಲರೂ ಕೈಗೆ ತಗೊಂಡು ನೋಡಿದರು.

ಪ್ರಿಂಟರ್‌ಗೆ ಮಾತ್ರ ಈ ಹಾಳೆ ಅಷ್ಟು ಇಷ್ಟವಿಲ್ಲ. ಪ್ರಿಂಟರ್ ಒಳಗೆ ಓಡುವ ದಿಕ್ಕಿನಲ್ಲಿ ಹಾಳೆಗೆ ಬಿಗಿ ಕಡಿಮೆ, ಜಾಮ್ ಆಗುವ ಸಾಧ್ಯತೆ ಜಾಸ್ತಿ. ಅದಕ್ಕೆ ಟ್ರೇ ಪೂರ್ತಿ ತುಂಬುತ್ತಿಲ್ಲ. ಕತ್ತರಿಸಿದ ಅಂಚುಗಳು ಒಂದಕ್ಕೊಂದು ಅಂಟಿದ್ದರೆ ಎರಡು ಹಾಳೆ ಒಟ್ಟಿಗೆ ಎಳೆಯುತ್ತದೆ. ಕಟ್ಟನ್ನು ನಾಲ್ಕೂ ಕಡೆ ಬಗ್ಗಿಸಿ ಗಾಳಿಯಾಡಿಸಿ, ಮೇಜಿಗೆ ಕುಟ್ಟಿ ಸರಿಮಾಡಿಕೊಂಡು ಇಡುತ್ತೇವೆ. ಬ್ಲೇಡು ಹರಿತ ಇರಲಿ ಅಂತ ಅಣ್ಣನಿಗೂ ಹೇಳಿದ್ದೇವೆ. ಒಂದು ಬದಿ ಅಚ್ಚಾದ ಮೇಲೆ ಹಾಳೆ ಪೂರ್ತಿ ಆರುವವರೆಗೆ ಎರಡನೇ ಬದಿ ಹಾಕುವುದಿಲ್ಲ. ಬಿಸಿಯಲ್ಲಿ ಹಾಳೆ ಸುರುಳಿಯಾಗುತ್ತದೆ ಅಲ್ವಾ?

ಮಳೆಗಾಲ ಬೇರೆ. ನಾಲೆ ಬಯಲಿನ ಈ ಊರಿನಲ್ಲಿ ಹವೆ ತೇವವಾಗೇ ಇರುತ್ತದೆ, ಕಾಗದ ಅದನ್ನು ಹೀರಿಕೊಂಡು ಅಲೆಯಲೆಯಾಗುತ್ತದೆ. ರೀಮಿನ ಹೊದಿಕೆ ತೇವ ತಡೆಯಲಿಕ್ಕೇ ಇರುವುದು. ಬೇಕಾಗುವವರೆಗೆ ಅದನ್ನು ಬಿಚ್ಚುವುದಿಲ್ಲ. ಬೈಂಡಿಂಗ್‌ನಿಂದ ಬಂದ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ನೆಲ ಗೋಡೆ ತಾಗದಂತೆ ಬೀರುವಿನಲ್ಲಿ ಇಟ್ಟಿದ್ದೇವೆ.

ರಟ್ಟಿನದು ಬಾಕಿ. 160 ಜಿಎಸ್‌ಎಂ ಹಾಕುವ ಆಸೆ. ಅಷ್ಟು ದಪ್ಪ ನಮ್ಮ ಪ್ರಿಂಟರ್ ತಡೆಯುತ್ತದಾ ಅಂತ ಕೈಪಿಡಿ ನೋಡಬೇಕು. ತಡೆದರೆ ಕೈಯಿಂದ ಒಂದೊಂದೇ ಹಾಳೆ ಕೊಟ್ಟು, ಸೆಟ್ಟಿಂಗ್‌ನಲ್ಲಿ ದಪ್ಪ ಕಾಗದ ಅಂತ ಆರಿಸಬೇಕು. ಇಲ್ಲದಿದ್ದರೆ ಟೋನರ್, ಅಂದರೆ ಪ್ರಿಂಟರ್‌ನ ಬಣ್ಣದ ಪುಡಿ, ಸರಿಯಾಗಿ ಅಂಟದೆ ಉದುರುತ್ತದೆ. ಮಡಿಕೆಯ ಜಾಗದಲ್ಲಿ ಬಣ್ಣ ಬರದಂತೆ ವಿನ್ಯಾಸವನ್ನೂ ಬದಲಿಸುತ್ತಿದ್ದೇವೆ, ಮಡಚಿದಾಗ ಅಲ್ಲಿ ಟೋನರ್ ಬಿರುಕು ಬಿಡುತ್ತದೆ.