ಹುಸೇನಪ್ಪ ಅಂದ್ರೆ ಸಾಬ್ರೋ, ನಮ್ಮೋರೋ?

ದಾವಣಗೆರೆ, ಜಗಳೂರು, ಮೊಳಕಾಲ್ಮೂರು ಸೀಮೆಯಲ್ಲಿ ಅರ್ಜಿ ತುಂಬಿಕೊಡುವ ಕೆಲಸಕ್ಕೆ ಕೂತವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಅರಬ್ಬಿ ಓದಲು ಬರುತ್ತದೆ ಅಂತ ಗೊತ್ತಾದರಂತೂ ಮುಗಿಯಿತು, ಹೆಸರಿನ ಅರ್ಥ, ಮೂಲ, ಜಾತಕ ಎಲ್ಲ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನೇರ ಉತ್ತರ ಬೇಕಾದವರಿಗೆ: ಹುಸೇನಪ್ಪ ಹೆಚ್ಚಾಗಿ ಹಿಂದೂ ಮನೆಯ ಹೆಸರು. ಹುಸೇನ್‌ಸಾಬ್, ಹುಸೇನ್ ಬೀ, ಮಹಮದ್ ಹುಸೇನ್, ಗುಲಾಂ ಹುಸೇನ್ ಮುಸ್ಲಿಮರ ಹೆಸರುಗಳು. ಹುಸೇನಮ್ಮ ಎರಡೂ ಕಡೆ ಸಿಗುತ್ತಾರೆ. ಕೊನೆಗೆ ಸೇರಿದ ಅಪ್ಪ, ಸಾಬ್, ಬೀ ನೋಡಿ ಇಷ್ಟು ಊಹಿಸಬಹುದು, ಅಷ್ಟೇ. ಊಹೆಯನ್ನು ಅರ್ಜಿಯಲ್ಲಿ ಬರೆಯುವಂತಿಲ್ಲ. ಜಾತಿ ಪ್ರಮಾಣಪತ್ರಕ್ಕೆ ನೋಡುವುದು ತಂದೆಯ ಜಾತಿಯನ್ನು, ಶಾಲಾ ದಾಖಲೆಯನ್ನು. ಹೆಸರು ಕಿವಿಗೆ ಹೇಗೆ ಕೇಳಿಸಿತು ಅನ್ನುವುದನ್ನಲ್ಲ.

ಆದರೆ ಪ್ರಶ್ನೆ ಇಲ್ಲಿಗೆ ನಿಲ್ಲುವುದಿಲ್ಲ. ‘ಮತ್ತೆ ನಮ್ಮೋರಾಗಿ ಅಂಥಾ ಹೆಸರು ಯಾಕೆ ಇಟ್ಕೊಂಡ್ರು?’ ಅಂತ ಮುಂದುವರಿಯುತ್ತದೆ. ನನಗೆ ಸಿಟ್ಟು ಬರುವುದು ಈ ‘ಅಂಥಾ’ ಅನ್ನುವ ಮಾತಿಗೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಓಣಿಗೆ ಇಬ್ಬರು ತಿಪ್ಪೇಸ್ವಾಮಿ ಇರುತ್ತಾರೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಹುಟ್ಟಿದ ಮಗುವಿಗೆ ಆ ಹೆಸರು ಅಂತ ಎಲ್ಲರಿಗೂ ಗೊತ್ತು, ಯಾರೂ ಯಾಕೆ ಅಂತ ಕೇಳುವುದಿಲ್ಲ. ಹುಸೇನಪ್ಪನದೂ ಅದೇ ಲೆಕ್ಕ. ಮಕ್ಕಳಾಗದೆ, ಇಲ್ಲವೇ ಹುಟ್ಟಿದ ಮಕ್ಕಳು ಉಳಿಯದೆ, ಮನೆಯವರು ಮೊಹರಂನಲ್ಲಿ ಕೂರಿಸುವ ಅಲಾಯಿ ದೇವರ ಮುಂದೆ ಬೇಡಿಕೊಂಡಿರುತ್ತಾರೆ. ಮಗು ಉಳಿದರೆ ನಿನ್ನ ಹೆಸರೇ ಇಡುತ್ತೇವೆ ಅಂದಿರುತ್ತಾರೆ. ಮಗು ಉಳಿಯಿತು, ಮಾತು ನಡೆಸಿದರು. ಇಮಾಮಪ್ಪ, ಖಾಸಿಮಪ್ಪ, ಮೌಲಪ್ಪ, ಫಕೀರಪ್ಪ ಇವೆಲ್ಲ ಇದೇ ದಾರಿಯಲ್ಲಿ ಬಂದ ಹೆಸರುಗಳು. ಕೆಲವು ಮನೆಗಳಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಹರಕೆ ಮರೆತು ಹೋಗಿ ಹೆಸರು ಮಾತ್ರ ಉಳಿದಿರುತ್ತದೆ.

ಮೊಹರಂ ಅನ್ನು ನಮ್ಮ ಕಡೆ ಕೆಲವರು ಅಲಾಯಿ ಹಬ್ಬ ಅನ್ನುತ್ತಾರೆ, ಕೆಲವರು ಬಾಬಯ್ಯನ ಹಬ್ಬ ಅನ್ನುತ್ತಾರೆ. ಊರ ಮಸೂತಿಯಲ್ಲಿ ಪಂಜಾ ಕೂರಿಸುತ್ತಾರೆ. ಪಂಜಾ ಅಂದರೆ ಲೋಹದ ಹಸ್ತ. ಅದನ್ನು ಕೋಲಿಗೆ ಕಟ್ಟಿ, ಬಣ್ಣದ ಬಟ್ಟೆ ಉಡಿಸಿ, ಹೂವಿನ ದಂಡೆ ಹಾಕಿ ನಿಲ್ಲಿಸುತ್ತಾರೆ. ಐದು ಬೆರಳೆಂದರೆ ಪ್ರವಾದಿ ಮಹಮದರು, ಅವರ ಅಳಿಯ ಅಲಿ, ಮಗಳು ಫಾತಿಮಾ, ಮೊಮ್ಮಕ್ಕಳು ಹಸನ್, ಹುಸೇನ್. ಎದುರಿಗೆ ಅಲಾಯಿ ಕುಣಿ, ಅದರಲ್ಲಿ ಬೆಂಕಿ. ಹರಕೆಯವರು ಸಕ್ಕರೆ ಓದಿಸುತ್ತಾರೆ: ತಟ್ಟೆಯಲ್ಲಿ ತಂದ ಸಕ್ಕರೆಯ ಮೇಲೆ ಮುಜಾವರರು ಊದಿನ ಹೊಗೆ ಹಿಡಿದು ಫಾತೆಹಾ ಓದಿ, ಅರ್ಧ ತೆಗೆದುಕೊಂಡು ಉಳಿದದ್ದನ್ನು ವಾಪಸ್ಸು ಕೊಡುತ್ತಾರೆ. ಕೊರಳಿಗೋ ಕೈಗೋ ಕೆಂಪು ಲಾಡಿ ಕಟ್ಟಿಸಿಕೊಂಡು ಫಕೀರರಾಗುವವರೂ ಇದ್ದಾರೆ. ಕತಲ್ ರಾತ್ರಿ ಕಳೆದು ಹತ್ತನೇ ದಿನ ದೇವರು ಹೊಳೆಗೆ ಹೋಗುತ್ತದೆ. ಒಂದೇ ಒಂದು ಮುಸ್ಲಿಂ ಮನೆ ಇಲ್ಲದ ಹಳ್ಳಿಗಳಲ್ಲೂ ಈ ಹಬ್ಬ ನಡೆಯುವುದುಂಟು. ಅಲ್ಲಿ ಹುಸೇನಪ್ಪ ಅನ್ನುವುದು ಊರ ದೇವರ ಹೆಸರು. ಹೊರಗಿನಿಂದ ಬಂದದ್ದು ಅಂತ ಆ ಊರಿನವರಿಗೆ ಅನ್ನಿಸುವುದೇ ಇಲ್ಲ.

ಇನ್ನು ಅರ್ಥ. ಅರಬ್ಬಿಯಲ್ಲಿ ಹ-ಸ-ನ ಅನ್ನುವ ಮೂರು ವ್ಯಂಜನಗಳ ಧಾತುವಿಗೆ ಚೆಲುವು, ಒಳಿತು ಅನ್ನುವ ಅರ್ಥ. ಅದರಿಂದ ಹಸನ್. ಮೊದಲ ಅಕ್ಷರಕ್ಕೆ ಉಕಾರ, ಎರಡನೆಯದಕ್ಕೆ ಐಕಾರ ಕೊಟ್ಟರೆ ಮುದ್ದಿನ ಕಿರಿದು ರೂಪ ಆಗುತ್ತದೆ: ಹುಸೈನ್. ಚಿಕ್ಕ ಹಸನ್, ಪುಟ್ಟ ಚೆಲುವ. ಉಮರ್‌ನಿಂದ ಉಮೈರ್, ಅಬ್ದ್‌ನಿಂದ ಉಬೈದ್ ಆಗುವುದೂ ಇದೇ ಅಚ್ಚಿನಲ್ಲಿ. ಮೊಹಸಿನ್, ಎಹಸಾನ್, ಹುಸ್ನಾ ಇದೇ ಧಾತುವಿನ ಮಕ್ಕಳು. ಅಲಿ ಮತ್ತು ಫಾತಿಮಾರ ಹಿರಿಯ ಮಗ ಹಸನ್, ಮರುವರ್ಷ ಹುಟ್ಟಿದವರು ಹುಸೈನ್. ಹಿಜರಿ 61ರ ಮೊಹರಂ ಹತ್ತರಂದು, ಅಂದರೆ ಕ್ರಿ.ಶ. 680ರ ಅಕ್ಟೋಬರ್ 10ರಂದು, ಹುಸೈನ್ ಇರಾಕಿನ ಕರ್ಬಲಾದಲ್ಲಿ ಹತರಾದರು. ಶಿಯಾಗಳು ಮಾತ್ರ ಈ ಹೆಸರಿಡುತ್ತಾರೆ ಅನ್ನುವುದು ತಪ್ಪು. ಸುನ್ನಿಗಳ ಮನೆಯಲ್ಲೂ ಧಾರಾಳವಾಗಿದೆ. ಹಾಗೆಯೇ ಹಾಸನ ಜಿಲ್ಲೆಗೂ ಹಸನ್ ಹೆಸರಿಗೂ ಸಂಬಂಧವಿಲ್ಲ. ಇಂಗ್ಲಿಷ್ ಅಕ್ಷರ ಒಂದೇ ಇದ್ದರೂ ಹಾಸನ ಹಾಸನಾಂಬೆಯ ಊರು.

ಈ ಹೆಸರು ನಮ್ಮಲ್ಲಿಗೆ ಬಂದು ಬೇರೆ ಆಯಿತು ಅನ್ನುವವರು ಬೇರೆ ಕಡೆ ಏನಾಯಿತು ಅಂತಲೂ ನೋಡಬೇಕು. ನೈಜೀರಿಯಾದ ಹೌಸಾ ಜನ ಅವಳಿ ಗಂಡುಮಕ್ಕಳಿಗೆ ಹಸನ್, ಹುಸೈನಿ ಅಂತಿಡುತ್ತಾರೆ, ಹೆಣ್ಣಾದರೆ ಹಸನಾ, ಹುಸೈನಾ. ಅಲಿಯ ಮಕ್ಕಳಾದ ಹಸನ್, ಹುಸೈನ್ ಅವಳಿಗಳಲ್ಲ, ಆದರೂ ಜೋಡಿ ಹೆಸರು ಜೋಡಿ ಮಕ್ಕಳಿಗೆ ಒಪ್ಪಿತು. ಸೆನೆಗಲ್‌ನಲ್ಲಿ ಅದೇ ಜೋಡಿ ಅಸಾನ್, ಉಸೇನು. ಹಕಾರ ಬಿದ್ದುಹೋಗಿದೆ, ನಮ್ಮ ಹಳ್ಳಿಯ ‘ಉಸೇನಪ್ಪ’ನ ಹಾಗೆಯೇ. ತುರ್ಕಿಯಲ್ಲಿ ಹುಸೆಯಿನ್, ಬಂಗಾಳದಲ್ಲಿ ಹೊಸೇನ್. ಕಬ್ಬಿನ ತೋಟದ ಕೂಲಿಗೆ ಹೋದ ಭಾರತೀಯರು ಟ್ರಿನಿಡಾಡ್‌ನಲ್ಲಿ ಮಾಡುವ ಮೊಹರಂ ಹಬ್ಬದ ಹೆಸರೇ ‘ಹೋಸೆ’. ಬರಾಕ್ ಒಬಾಮಾ ಹೆಸರಿನ ನಡುವಿನ ಹುಸೇನ್ ಕೀನ್ಯಾದ ಅಜ್ಜನಿಂದ ಬಂದದ್ದು. ಸದ್ದಾಂ ಹುಸೇನ್ ಅನ್ನುವಲ್ಲಿ ಹುಸೇನ್ ಅಂದರೆ ಅವರ ತಂದೆ, ಮನೆತನದ ಹೆಸರಲ್ಲ. ‘ಯಾ ಹಸನ್, ಯಾ ಹುಸೇನ್’ ಅನ್ನುವ ಮೊಹರಂ ಕೂಗು ಬ್ರಿಟಿಷ್ ಸಿಪಾಯಿಗಳ ಕಿವಿಯಲ್ಲಿ ‘ಹಾಬ್ಸನ್ ಜಾಬ್ಸನ್’ ಆಗಿ, 1886ರಲ್ಲಿ ಒಂದು ನಿಘಂಟಿನ ಹೆಸರೇ ಆಯಿತು. ಇಷ್ಟು ಜನರ ಬಾಯಲ್ಲಿ ಇಷ್ಟು ರೂಪ ತಳೆದ ಹೆಸರಿಗೆ ಜಗಳೂರಿನಲ್ಲಿ ಒಬ್ಬ ಅಪ್ಪ ಸೇರಿಕೊಂಡರೆ ಅದೇನು ಅಂಥಾ ಆಶ್ಚರ್ಯ?

ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ: ಈ ಹೆಸರನ್ನು ಹೇಗೆ ಬರೆಸಬೇಕು? ಜನರಿಗೆ ನಿಜವಾಗಿ ತೊಂದರೆ ಆಗುವುದು ಇಲ್ಲಿ.

ಅರಬ್ಬಿಯಲ್ಲಿ ಈ ಹೆಸರಿಗೆ ಒಂದೇ ಸಕಾರ. ಇಂಗ್ಲಿಷಿನಲ್ಲಿ ಒಂದೇ ಎಸ್ ಹಾಕಿದರೆ ಝಕಾರದಂತೆ ಓದುತ್ತಾರೆಂದು ಎರಡು ಎಸ್ ಹಾಕುವ ರೂಢಿ ಬಂತು. ಆಮೇಲೆ ಆ ಇಂಗ್ಲಿಷ್ ನೋಡಿ ಕನ್ನಡದಲ್ಲಿ ‘ಹುಸ್ಸೇನ್’, ‘ಹುಸ್ಸೈನ್’ ಅಂತ ಬರೆಯುತ್ತಾರೆ. ಆಧಾರ್ ನೋಂದಣಿಯಲ್ಲಿ ಇಂಗ್ಲಿಷ್ ಹೆಸರು ಹೊಡೆದರೆ ಕನ್ನಡದ ಸಾಲು ತಾನೇ ಮೂಡುತ್ತದೆ. ಇಂಗ್ಲಿಷಿನ ಇ (E) ಅಕ್ಷರಕ್ಕೆ ದೀರ್ಘ, ಹ್ರಸ್ವ ಗೊತ್ತಿಲ್ಲ, ಹಾಗಾಗಿ ಹುಸೇನಪ್ಪ ‘ಹುಸೆನಪ್ಪ’ ಆಗುತ್ತಾನೆ. ಚೀಟಿಗೆ ಸಹಿ ಹಾಕುವ ಮುಂಚೆ ಎರಡೂ ಸಾಲನ್ನು ಅಕ್ಷರ ಅಕ್ಷರ ಓದಿ. ಆಪರೇಟರ್ ಅವಸರ ಮಾಡಿದರೂ ಬಿಡಬೇಡಿ. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಜೀವಮಾನದಲ್ಲಿ ಎರಡೇ ಅವಕಾಶ.

ಯಾವ ಕಾಗುಣಿತ ಸರಿ ಅಂತ ಜಗಳ ಬೇಡ. ಒಂದೇ ಎಸ್, ಎ-ಐ ಹಾಕಿದರೆ (Husain) ಮೂಲಕ್ಕೆ ಹತ್ತಿರ ಅನ್ನುವುದು ನನ್ನ ಅಭಿಪ್ರಾಯ. ಆದರೆ ಅದಕ್ಕಿಂತ ಮುಖ್ಯ ಎಲ್ಲ ಕಡೆ ಒಂದೇ ಇರುವುದು. ಮಗುವಿನ ದಾಖಲೆಯಲ್ಲಿ ತಂದೆಯ ಹೆಸರು ತಂದೆಯ ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಅಲ್ಲಿ ಎರಡು ಎಸ್ ಇದ್ದರೆ ಇಲ್ಲೂ ಎರಡು. ಮಹಮದ್ ಅನ್ನು ‘ಎಂಡಿ’ ಅಂತ ಮೊಟಕು ಮಾಡಬೇಡಿ, ಪೂರ್ತಿ ಬರೆಸಿ. ಇನಿಷಿಯಲ್ ಕೂಡ ಬೇಡ, ಬಿಡಿಸಿ ಬರೆಸಿ. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ. ಹುಸೇನ್‌ಸಾಬ್ ಒಂದೇ ಪದವೋ ಎರಡೋ ಅಂತ ಮೊದಲ ದಿನವೇ ತೀರ್ಮಾನಿಸಿ. ಒಂದು ಕಡೆ ಕೂಡಿಸಿ ಇನ್ನೊಂದು ಕಡೆ ಬಿಡಿಸಿದರೆ ಕಂಪ್ಯೂಟರಿಗೆ ಅವರು ಇಬ್ಬರು ಮನುಷ್ಯರು.

ಪಾಸ್‌ಪೋರ್ಟಿನಲ್ಲಿ ಉಪನಾಮದ ಕಾಲಂ ಖಾಲಿ ಬಿಡುವುದು ನಮ್ಮ ಕಡೆ ಸಾಮಾನ್ಯ. 2022ರ ನವೆಂಬರ್ 21ರಿಂದ ಯುಎಇ (ದುಬೈ ಇರುವ ದೇಶ), ಒಂದೇ ಹೆಸರಿದ್ದವರಿಗೆ ಪ್ರವಾಸಿ ಮತ್ತು ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ ಅಂದಿತು. ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗಬಹುದು ಅಂತ ಸಡಿಲಿಸಿತು. ದುಬೈಗೆ ಹೋಗುವ ಯೋಚನೆ ಇದ್ದರೆ ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಉಪನಾಮದಲ್ಲಿ ಹಾಕಿಸುವುದು ಮೇಲು.

ಹೊಸದಾಗಿ ಹುಟ್ಟಿದ ಮಗುವಿಗೆ ಜನನ ಪ್ರಮಾಣಪತ್ರವೇ ಬೇರು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೆ ಸೇರುವುದರಿಂದ ಪಾಸ್‌ಪೋರ್ಟ್‌ವರೆಗೆ ಹುಟ್ಟಿದ ದಿನ, ಊರಿನ ಪುರಾವೆ ಅದೇ. 21 ದಿನದೊಳಗೆ ನೋಂದಾಯಿಸಿ. ಹೆಸರು ನಿಶ್ಚಯವಾಗದಿದ್ದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೆ. ಹಾಗಾಗಿ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಯಾರೋ ಕೇಳಿದರೆಂದು ಬಾಯಿಗೆ ಬಂದ ಹೆಸರು, ಬಾಯಿಗೆ ಬಂದ ಕಾಗುಣಿತ ಹೇಳಬೇಕಿಲ್ಲ. ಮನೆಗೆ ಬಂದು ಕೂತು ಚೀಟಿಯಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದುಕೊಂಡು ಹೋಗಿ, ಆ ಚೀಟಿಯನ್ನೇ ಕೊಡಿ.

ಈಗಾಗಲೇ ಹೆಸರು ನಾಲ್ಕು ಕಡೆ ನಾಲ್ಕು ಥರ ಆಗಿದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಅಂಕಪಟ್ಟಿಯೇ ತಪ್ಪಿದ್ದರೆ ಅರ್ಜಿ ಓದಿದ ಶಾಲೆಯ ಮುಖ್ಯ ಶಿಕ್ಷಕರ ಮೂಲಕವೇ ಮಂಡಳಿಗೆ ಹೋಗಬೇಕು. ಅದು ತಿದ್ದಿ ಬರುವವರೆಗೆ ಆಧಾರ್‌ಗೆ ಕೈ ಹಾಕಬೇಡಿ. ಇರುವ ಎರಡು ಅವಕಾಶದಲ್ಲಿ ಒಂದು ಸುಮ್ಮನೆ ಕಳೆದುಹೋಗುತ್ತದೆ.