ಇವೋನಾ, ಸುಬಾರುನಾ?

ನನ್ನದು ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ ಟೆನ್, ಚಿಕ್ಕದಾಗಿ ಇವೋ. ಹಾಸನದ ಗೆಳೆಯನದು ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ, 2.5 ಲೀಟರ್ ಟರ್ಬೊ. ನಾನಿರುವುದು ಚಿಕ್ಕಮಗಳೂರಿನಲ್ಲಿ, ಹಾಗಾಗಿ ನಮ್ಮ ಭೇಟಿ ಸಾಮಾನ್ಯವಾಗಿ ನಡುವೆ ಬೇಲೂರಿನಲ್ಲಿ. ಎರಡೂ ಕಾರು ಅಕ್ಕಪಕ್ಕ ನಿಂತರೆ ಸಾಕು, ಟೀ ಕುಡಿಯುತ್ತಿದ್ದವರು ಎದ್ದು ಬಂದು ಕೇಳುತ್ತಾರೆ: "ಎರಡರಲ್ಲಿ ಯಾವುದು ಮೇಲು ಸಾರ್?"

ನನ್ನ ಉತ್ತರ ಇವೋ. ಅವನ ಉತ್ತರ ಸುಬಾರು. ಇಬ್ಬರೂ ಬದಲಾಗುವುದಿಲ್ಲ. ಆದರೆ ಅಷ್ಟೇ ಹೇಳಿ ಕಳಿಸಿದರೆ ಕೇಳಿದವರಿಗೆ ಏನೂ ಸಿಕ್ಕಂತಾಗಲ್ಲ, ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ನನ್ನ ಪ್ರಕಾರ ಇವುಗಳಲ್ಲಿ ಒಂದು ಇಲ್ಲದಿದ್ದರೆ ಇನ್ನೊಂದು ಇಷ್ಟು ಚೆನ್ನಾಗಿ ಬರುತ್ತಲೇ ಇರಲಿಲ್ಲ.

ಇವೋನೂ ಇಂಪ್ರೆಜಾ ಡಬ್ಲ್ಯುಆರ್‌ಎಕ್ಸೂ ಬಂದಿದ್ದು 1992ರಲ್ಲಿ, ಕಾರು ರ‍್ಯಾಲಿಗೆ ಅಂತಲೇ. ಆಗಿನ ಗ್ರೂಪ್ ಎ ನಿಯಮದಲ್ಲಿ ರ‍್ಯಾಲಿಗೆ ಇಳಿಸಬೇಕಾದ ಕಾರನ್ನು ಕನಿಷ್ಠ 2,500 ತಯಾರಿಸಬೇಕಿತ್ತು. ಹಾಗಾಗಿಯೇ ಇಂಥ ಕಾರು ನಮ್ಮ ನಿಮ್ಮಂಥವರ ಕೈಗೆ ಬಂತು. ಅಲ್ಲಿಂದ ಶುರುವಾಯಿತು ನೋಡಿ. 1995ರಿಂದ 97ರವರೆಗೆ ವಿಶ್ವ ರ‍್ಯಾಲಿಯ ತಯಾರಕರ ಪ್ರಶಸ್ತಿ ಸುಬಾರುಗೆ, 1995ರಲ್ಲಿ ಕಾಲಿನ್ ಮೆಕ್ರೇ ಚಾಂಪಿಯನ್. ಮುಂದೆ 1996ರಿಂದ 99ರವರೆಗೆ ನಾಲ್ಕೂ ವರ್ಷ ಚಾಲಕರ ಪ್ರಶಸ್ತಿ ಟಾಮಿ ಮ್ಯಾಕಿನೆನ್‌ಗೆ, ನಮ್ಮ ಲ್ಯಾನ್ಸರ್‌ನಲ್ಲಿ. ಇದನ್ನು ನಾನು ಹೇಳಿದ ಕೂಡಲೇ ಗೆಳೆಯ ಶುರು ಮಾಡುತ್ತಾನೆ: "ಅದೇ ಮ್ಯಾಕಿನೆನ್ ಆಮೇಲೆ ಎಲ್ಲಿಗೆ ಬಂದ, ಅದನ್ನೂ ಹೇಳು ಗುರು." ಬಂದಿದ್ದು ಸುಬಾರುಗೆ, 2002ರಲ್ಲಿ. ಬಂದವನೇ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದ. ಅದು ನಿಜ, ಒಪ್ಪಲೇಬೇಕು.

ಈ ಪೈಪೋಟಿ ಬರೀ ಎಂಜಿನ್ ಪವರ್‌ದು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅಲ್ಲ. ಜಪಾನಿನ ಕಂಪನಿಗಳು ಆಗ ತಮ್ಮತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡಿದ್ದವು, ಯಾರೂ ಅಶ್ವಶಕ್ತಿ ಲೆಕ್ಕದಲ್ಲಿ 280 ಪಿಎಸ್‌ಗಿಂತ ಹೆಚ್ಚು ಪವರ್ ಘೋಷಿಸಬಾರದು ಅಂತ. ಅಂದರೆ ಕಾಗದದ ಮೇಲೆ ಇಬ್ಬರೂ ಸಮ. ಮತ್ತೆ ಮೇಲುಗೈ ಸಾಧಿಸುವುದು ಎಲ್ಲಿ? ತಿರುವಿನಲ್ಲಿ. ಮಿತ್ಸುಬಿಷಿ 1996ರ ಇವೋ ಫೋರ್‌ನಲ್ಲಿ ಎವೈಸಿ ಅನ್ನುವ ವ್ಯವಸ್ಥೆ ತಂದಿತು. ತಿರುವಿನಲ್ಲಿ ಹಿಂದಿನ ಎರಡು ಚಕ್ರಗಳಲ್ಲಿ ಯಾವುದಕ್ಕೆ ಎಷ್ಟು ಟಾರ್ಕ್, ಅಂದರೆ ತಿರುಗಿಸುವ ಬಲ, ಬೇಕು ಅಂತ ಕಾರೇ ಹಂಚುತ್ತದೆ, ಮೂತಿ ತಾನಾಗಿ ಒಳಕ್ಕೆ ತಿರುಗುತ್ತದೆ. ಸುಬಾರು ಕೈ ಹಾಕಿದ್ದು ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಮಧ್ಯದ ಡಿಫರೆನ್ಷಿಯಲ್‌ಗೆ. ಅದು ಎಷ್ಟು ಲಾಕ್ ಆಗಬೇಕು ಅನ್ನುವುದನ್ನು ಡ್ರೈವರೇ ಒಂದು ಸಣ್ಣ ಚಕ್ರ ತಿರುಗಿಸಿ ಹೇಳಬಹುದು. ನನಗೆ ಕಾರು ಸಹಾಯ ಮಾಡಬೇಕು, ಅವನಿಗೆ ಎಲ್ಲ ತನ್ನ ಕೈಯಲ್ಲೇ ಇರಬೇಕು. ನಮ್ಮಿಬ್ಬರ ವಾದ ಕೊನೆಗೆ ಬಂದು ನಿಲ್ಲುವುದು ಇಲ್ಲೇ.

ಹೋದ ಮಳೆಗಾಲಕ್ಕೆ ಮುಂಚೆ ನಮ್ಮ ಶೆಡ್‌ನಲ್ಲಿ ಎರಡಕ್ಕೂ ಒಂದೇ ದಿನ ಸ್ಪಾರ್ಕ್ ಪ್ಲಗ್ ಹಾಕಿದೆವು. ನನ್ನದು ಬೇಗ ಮುಗಿಯಿತು. ಮೇಲಿನ ಕವರ್ ಬಿಚ್ಚಿ, ಕಾಯಿಲ್ ಎತ್ತಿದರೆ ನಾಲ್ಕೂ ಪ್ಲಗ್ ಕಣ್ಣೆದುರೇ. ಸುಬಾರುದು ಬಾಕ್ಸರ್ ಎಂಜಿನ್, ಸಿಲಿಂಡರ್ ಎರಡೆರಡಾಗಿ ಎಡಕ್ಕೂ ಬಲಕ್ಕೂ ಮಲಗಿವೆ. ಪ್ಲಗ್ ಇರುವುದು ಪಕ್ಕದಲ್ಲಿ, ಚಾಸಿಗೆ ಒತ್ತಿಕೊಂಡು. ಒಂದು ಕಡೆ ಬ್ಯಾಟರಿ ತೆಗೆಯಬೇಕು, ಇನ್ನೊಂದು ಕಡೆ ಏರ್ ಫಿಲ್ಟರ್ ಬಾಕ್ಸ್. ಆಮೇಲೂ ಒಂದೇ ಕೈ ಹೋಗುವಷ್ಟು ಜಾಗ. ಸ್ಪ್ಯಾನರ್ ಕಣ್ಣಿಗೆ ಕಾಣಲ್ಲ, ಬೆರಳ ತುದಿಯಲ್ಲೇ ಪ್ಲಗ್‌ನ ಥ್ರೆಡ್ ಸರಿಯಾಗಿ ಕೂತಿದೆಯಾ ಇಲ್ಲವಾ ಅಂತ ತಿಳಿಯಬೇಕು. ಮೊಣಕೈ ತರಚಿಕೊಂಡು ಅವನು ಹೇಳಿದ್ದು, "ಎಂಜಿನ್ ಕೆಳಗೆ ಕೂತಿರೋದಕ್ಕೇ ತಿರುವಿನಲ್ಲಿ ಹಾಗೆ ಅಂಟಿಕೊಂಡು ಹೋಗೋದು." ಹೌದು, ಭಾರ ಕೆಳಗಿದ್ದರೆ ಕಾರು ವಾಲುವುದು ಕಡಿಮೆ. ಕೊನೆಯ ಪ್ಲಗ್‌ಗೆ ಟಾರ್ಚ್ ಹಿಡಿದು ನಿಂತಿದ್ದು ನಾನೇ.

ಇನ್ನು ಸುಬಾರುವಿನ ಸದ್ದು. ಆ ಗುಡುಗುಡು ಇವೋಗೆ ಇಲ್ಲ, ಅದರಲ್ಲಿ ನಾನು ಸೋತೆ ಅಂತ ಯಾವತ್ತೋ ಹೇಳಿಬಿಟ್ಟಿದ್ದೇನೆ. ಎಂಜಿನ್ನಿನ ಎರಡು ಕಡೆಯಿಂದ ಟರ್ಬೊಗೆ ಬರುವ ಎಕ್ಸಾಸ್ಟ್ ಪೈಪುಗಳ ಉದ್ದ ಬೇರೆಬೇರೆ, ಅದಕ್ಕೇ ಹಾಗೆ ಕೇಳಿಸುವುದು. ಆದರೆ ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಅವನ ಇಂಟರ್‌ಕೂಲರ್ ಎಂಜಿನ್ ಮೇಲೆಯೇ ಕೂತಿದೆ, ಬಾನೆಟ್ ಮೇಲಿನ ಆ ದೊಡ್ಡ ಬಾಯಿ ಅದಕ್ಕೇ ಇರುವುದು. ಏಪ್ರಿಲ್ ಬಿಸಿಲಲ್ಲಿ ಹಾಸನದ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡರೆ ಎಂಜಿನ್ ಕಾವೆಲ್ಲ ಅದಕ್ಕೇ. ನನ್ನದು ಮುಂದೆ ಬಂಪರ್ ಹಿಂದೆ ಇದೆ, ತಂಪಾಗಿರುತ್ತದೆ. ಅವನ ಪೈಪು ಗಿಡ್ಡ, ಒತ್ತಿದ ಕೂಡಲೇ ಸ್ಪಂದಿಸುತ್ತದೆ ಅನ್ನುವುದು ಅವನ ವಾದ, ಅದರಲ್ಲೂ ಹುರುಳಿದೆ.

ರೋಡಲ್ಲಿ ರೇಸ್ ಹೊಡೀತೀರಾ ಅಂತಲೂ ಕೇಳುತ್ತಾರೆ. ಇಲ್ಲ. ಚಾರ್ಮಾಡಿಯಲ್ಲಿ ತಿರುವಿನ ಆಚೆ ಬಸ್ಸು ಬರುತ್ತಿರುತ್ತದೆ, ಮಂಜು ಇರುತ್ತದೆ. ಅಲ್ಲಿ ಆಟ ಆಡುವವರನ್ನು ನಾವಿಬ್ಬರೂ ಹತ್ತಿರ ಸೇರಿಸುವುದಿಲ್ಲ. ಕಾಫಿ ತೋಟದ ಮಣ್ಣು ದಾರಿಯಲ್ಲಿ ಟೈಮ್ ನೋಡಿ ಓಡಿಸುವುದೇ ಬೇರೆ. ಚಿಕ್ಕಮಗಳೂರಿನ ತೋಟಗಳಲ್ಲಿ ರಾಷ್ಟ್ರೀಯ ರ‍್ಯಾಲಿಯೂ ಏಷ್ಯಾ ಪೆಸಿಫಿಕ್ ರ‍್ಯಾಲಿಯೂ ನಡೆದಿವೆ. ಅದನ್ನು ಬೇಲಿ ಪಕ್ಕ ನಿಂತು ನೋಡಿದವರಿಗೆ ನಾನು ಹೇಳುತ್ತಿರುವುದು ಗೊತ್ತಾಗುತ್ತದೆ.

ಪೈಪೋಟಿ ಇದ್ದರೂ ಒಬ್ಬರಿಗೊಬ್ಬರು ಬೇಕೇ ಬೇಕು. ಹೈ ಆಕ್ಟೇನ್ ಪೆಟ್ರೋಲ್ ಎಲ್ಲ ಬಂಕಲ್ಲೂ ಸಿಗಲ್ಲ, ಸಾದಾ ಪೆಟ್ರೋಲ್ ಹಾಕಿ ಜೋರಾಗಿ ಒತ್ತಿದರೆ ಎಂಜಿನ್ ನಾಕ್ ಆಗುತ್ತದೆ, ಅಂದರೆ ಒಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಉರಿದು ಬಡಿಯುತ್ತದೆ. ಯಾವ ಬಂಕಲ್ಲಿ ಸ್ಟಾಕ್ ಬಂತು ಅಂತ ಮೊದಲ ಫೋನು ಅವನದೇ. ಹೊರದೇಶದಿಂದ ಬಿಡಿಭಾಗ ತರಿಸುವಾಗಲೂ ಒಟ್ಟಿಗೇ ತರಿಸುತ್ತೇವೆ.

ಬೇಜಾರಿನ ವಿಷಯ ಒಂದಿದೆ. ಇವೋ ತಯಾರಿಕೆ 2016ರಲ್ಲಿ ನಿಂತಿತು. ಎಸ್‌ಟಿಐ ಇನ್ನು ಐದು ವರ್ಷ ಒಬ್ಬಂಟಿಯಾಗಿ ನಡೆದು ಅದೂ ನಿಂತಿತು. ಆ ಐದು ವರ್ಷದಲ್ಲಿ ಎಸ್‌ಟಿಐ ಎಷ್ಟು ಬದಲಾಯಿತು ನೋಡಿ, 90ರ ದಶಕದ ಐದು ವರ್ಷದಲ್ಲಿ ಎಷ್ಟು ಬದಲಾಗಿತ್ತು ನೋಡಿ. ಎದುರಾಳಿ ಇಲ್ಲದ್ದು ಎದ್ದು ಕಾಣುತ್ತದೆ. ಇದನ್ನು ಗೆಳೆಯನೂ ಒಪ್ಪುತ್ತಾನೆ.

ಈಗ ಹಳೆಯದು ಹುಡುಕುತ್ತಿರುವವರಿಗೆ ನಮ್ಮಿಬ್ಬರ ಮಾತೂ ಸೇರಿಸಿ ಹೇಳುತ್ತೇನೆ. ಸುಬಾರು ಆದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸದೆ ಅಡ್ವಾನ್ಸ್ ಕೊಡಬೇಡಿ, ನಾಕ್ ಆಗಿ ಪಿಸ್ಟನ್ ಬಿರುಕು ಬಿಟ್ಟಿರಬಹುದು. ತಗೊಂಡ ಮೇಲೆ ಪೆಟ್ರೋಲ್ ಹಾಕಿಸಿದಾಗೆಲ್ಲ ಆಯಿಲ್ ನೋಡಿ. ಇವೋ ಟೆನ್ ಆದರೆ ಕಾರನ್ನು ಲಿಫ್ಟ್‌ಗೆ ಹಾಕಿಸಿ, ಹಿಂದಿನ ಚಕ್ರದ ಹತ್ತಿರ ಇರುವ ಎವೈಸಿ ಪಂಪ್ ನೋಡಿ. ನೀರು, ಕೆಸರು ಬಡಿದು ತುಕ್ಕು ಹಿಡಿಯುವ ಜಾಗ ಅದು. ಮಲೆನಾಡಲ್ಲಿ ಓಡಿದ ಕಾರಾದರೆ ಅದನ್ನು ನೋಡದೆ ಬೆಲೆ ಮಾತಾಡಲೇಬೇಡಿ.